ಎಡ ಕಿವಿಯ ಕೆಳಗಿನ ಬಿಳುಪು

ಮದುವೆ ಆಲ್ಬಮ್ಮಿನ ಪುಟ ಕೂರಿಸುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಗಿರಿಜಕ್ಕ, ಎಷ್ಟು ಬ್ರೈಟ್ ಮಾಡಬೇಕು?" ಬೇರೆ ಬೇರೆ ಕಾಲದಲ್ಲಿ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಪ್ರತಿ ಸಲವೂ ಇದು ಅನುಭವದ ಮಾತು ಎನ್ನುವ ಧಾಟಿಯಲ್ಲೇ ಹೇಳಿದ್ದೇನೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಧಾಟಿಯ ಮೇಲೆಯೇ ನನಗೆ ಅನುಮಾನ ಬಂದಿದೆ. ಜೀವಮಾನವೆಲ್ಲ ಫೋಟೊ ತಿದ್ದಿದವಳು ತನ್ನ ನೆನಪನ್ನು ಮಾತ್ರ ತಿದ್ದದೆ ಬಿಟ್ಟಿರುತ್ತಾಳೆಯೇ? ಆದ್ದರಿಂದ ಎಲ್ಲಿ ತಿದ್ದಿರಬಹುದು ಅನ್ನಿಸುತ್ತದೋ ಅಲ್ಲಿ ಹಾಗೆಂದೇ ಹೇಳುತ್ತ ಹೋಗುತ್ತೇನೆ.

ಕೆಲಸ ಶುರುವಾದದ್ದು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ಒಂದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ. ಯಜಮಾನರು ವಾಸುದೇವಯ್ಯ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಕಿಟಕಿಯ ಹತ್ತಿರ ಇಳಿಜಾರು ಮೇಜು, ಅದರ ನಡುವೆ ಗಾಜು, ಕೆಳಗೆ ಬೆಳಕನ್ನು ಎತ್ತಿಕೊಡುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ ಮೊಡವೆಯ ಜಾಗವನ್ನೋ ಕಣ್ಣ ಕೆಳಗಿನ ಕಪ್ಪನ್ನೋ ಚುಕ್ಕಿ ಚುಕ್ಕಿಯಾಗಿ ತುಂಬಬೇಕು. ನೆಗೆಟಿವಿನಲ್ಲಿ ಕಪ್ಪು ಹಚ್ಚಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಒಂದು ಮುಖಕ್ಕೆ ಒಂದು ಗಂಟೆ ಹಿಡಿದದ್ದೂ ಉಂಟು.

ವಾಸುದೇವಯ್ಯನವರು ಮೊದಲ ದಿನವೇ ಹೇಳಿದರು ಎಂದು ಹೊಸಬರಿಗೆಲ್ಲ ನಾನು ಹೇಳುತ್ತಿದ್ದ ಒಂದು ಮಾತಿದೆ: "ಮುಖ ಮುಟ್ಟಬೇಡಮ್ಮ, ಮುಖದ ಮೇಲೆ ಬಂದು ಕೂತಿರೋದನ್ನ ಮಾತ್ರ ಮುಟ್ಟು." ಎಷ್ಟು ಚೆನ್ನಾಗಿದೆ! ಅವರು ತೀರಿಹೋಗಿ ಎಷ್ಟೋ ಕಾಲವಾದ ಮೇಲೆ ಅವರ ಹೆಂಡತಿ ದೇವಸ್ಥಾನದಲ್ಲಿ ಸಿಕ್ಕಾಗ ಈ ಮಾತನ್ನು ನೆನಪಿಸಿದೆ. ಆಕೆ ಜೋರಾಗಿ ನಕ್ಕುಬಿಟ್ಟರು.

"ಅವರೆಲ್ಲಿ ಹಾಗೆಲ್ಲ ಮಾತಾಡ್ತಿದ್ರು ಮಾರಾಯ್ತಿ? 'ಬೇಗ ಮುಗಿಸು, ಗಿರಾಕಿ ಬಂದು ಕೂತಿದ್ದಾರೆ' ಅಂತಿದ್ರು. ಬೈಯೋದು ಬಿಟ್ರೆ ಅವರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ."

ಹಾಗಾದರೆ ಆ ಮಾತು ಯಾರದು? ನಾನೇ ಕಟ್ಟಿದ್ದಿರಬೇಕು. ಕಟ್ಟಿ, ಅವರ ಬಾಯಿಗೆ ಹಾಕಿ, ಆಮೇಲೆ ನಂಬಿದ್ದಿರಬೇಕು. ಅದನ್ನು ನಾನು ಪಾಲಿಸಲೂ ಇಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಕಂಪ್ಯೂಟರ್ ಬಂದ ಮೇಲೆ ಸವಳಂಗ ರಸ್ತೆಯ ಒಂದು ಲ್ಯಾಬಿಗೆ ಸೇರಿದೆ. ಅಲ್ಲಿ ಯಜಮಾನ ಮಂಜಣ್ಣ, ನನಗಿಂತ ಚಿಕ್ಕವನು. ಫೋಟೊಗಳನ್ನು ಅಂಟಿಸುವ ಆಲ್ಬಮ್ಮಿನ ಕಾಲ ಮುಗಿದು, ಇಡೀ ಪುಟವನ್ನೇ ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚು ಹಾಕಿಸುವ ಕಾಲ ಬಂದಿತ್ತು. ಫೋಟೊಗ್ರಾಫರುಗಳು ಪೆನ್‌ಡ್ರೈವ್ ತಂದು ಸುರಿಯುತ್ತಿದ್ದರು. ಚೌಟ್ರಿಯ ಟ್ಯೂಬ್‌ಲೈಟು, ವಿಡಿಯೋದವರ ಹಳದಿ ದೀಪ, ಶಾಮಿಯಾನದ ಕೆಂಪು ಎಲ್ಲವೂ ಒಂದೇ ಮುಖದ ಮೇಲೆ ಬಿದ್ದಿರುತ್ತಿದ್ದವು. ಅದನ್ನು ತಿಳಿ ಮಾಡಬೇಕು, ಬೆಳಕು ಎತ್ತಬೇಕು, ಕಣ್ಣಿನ ರೆಪ್ಪೆ, ಸೀರೆಯ ಜರಿ ಎದ್ದು ಕಾಣುವಂತೆ ಚೂಪು ಮಾಡಬೇಕು. ಇಷ್ಟನ್ನೂ ಒಂದೊಂದಾಗಿ ಮಾಡಿದರೆ ದಿನಕ್ಕೆ ನಾಲ್ಕು ಪುಟ ಏಳುವುದಿಲ್ಲ. ಮಂಜಣ್ಣ ಎಲ್ಲವನ್ನೂ ಸೇರಿಸಿ ಕೀಬೋರ್ಡಿನ ಎಫ್ ಟೂ ಗುಂಡಿಗೆ ಕಟ್ಟಿಕೊಟ್ಟ. ಒತ್ತಿದರೆ ಚರ್ಮ ನಯವಾಗಿ, ಒಂದು ಬಣ್ಣ ಬೆಳ್ಳಗಾಗಿ, ಕಣ್ಣು ಹೊಳೆದು ಬರುತ್ತಿತ್ತು. "ಎಫ್ ಟೂ ಹೊಡೀರಿ ಗಿರಿಜಕ್ಕ, ಯೋಚನೆ ಮಾಡಬೇಡಿ" ಎನ್ನುವುದು ಅವನ ಮಂತ್ರ. ಈ ಮಾತಿಗೆ ಸಾಕ್ಷಿಗಳಿದ್ದಾರೆ.

ತಿಳಿ ಮಾಡುವುದರಲ್ಲಿ ನಾನು ಮೊದಲು ಮುಗ್ಗರಿಸಿದ್ದು ಒಂದು ಅರವತ್ತರ ಶಾಂತಿಯಲ್ಲಿ. ಫೋಟೊದೊಳಗಿನ ಮಸುಕನ್ನು ಕರಗಿಸುವ ಹೊಸ ಸೌಲಭ್ಯ ಆಗಷ್ಟೇ ಬಂದಿತ್ತು. ಹೋಮದ ಫೋಟೊಗಳಲ್ಲೆಲ್ಲ ಹೊಗೆಯೋ ಹೊಗೆ. ಸ್ಕ್ರೀನಿನ ಮೇಲೆ ಅದರ ಗುಂಡಿ ಎಳೆದೆ ನೋಡಿ, ಹೊಗೆ ಮಾಯ. ಜನಿವಾರದ ಎಳೆ ಎಣಿಸಬಹುದಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಲ್ಬಮ್ ಹೋದ ಎರಡೇ ದಿನಕ್ಕೆ ಶಾಂತಿ ಮಾಡಿಸಿಕೊಂಡ ದಂಪತಿಗಳು ಅದನ್ನು ಎತ್ತಿಕೊಂಡು ಬಂದರು. ಗಂಡ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು.

"ಹೊಗೆ ಎಲ್ಲಿ ತಾಯಿ?"

"ತೆಗೆದೆ ಸರ್. ಕ್ಲಿಯರ್ ಆಗಿ ಕಾಣಲಿ ಅಂತ."

"ತರ್ಕಶಾಸ್ತ್ರದಲ್ಲಿ ನಮ್ಮ ಮೊದಲ ಪಾಠವೇ ಹೊಗೆ. ಬೆಟ್ಟದ ಮೇಲೆ ಹೊಗೆ ಕಂಡ್ರೆ ಅಲ್ಲಿ ಅಗ್ನಿ ಇದೆ ಅಂತ ಊಹಿಸಬೇಕು. ನೀವು ಹೊಗೆನೇ ಒರೆಸಿ ಕೂತಿದ್ದೀರಿ. ಇದನ್ನ ನೋಡಿದವರು ಏನು ಊಹಿಸಬೇಕು? ನಾವಿಬ್ಬರೂ ಖಾಲಿ ಇಟ್ಟಿಗೆ ಮುಂದೆ ಕಣ್ಣು ಕೆಂಪು ಮಾಡ್ಕೊಂಡು ಯಾಕೆ ಕೂತಿದ್ದೀವಿ ಅಂತ?"

"ಜಗಳ ಆಡಿದ್ದೀವಿ ಅಂತ ಊಹಿಸ್ತಾರೆ ಬಿಡಿ. ಅದೇನು ಸುಳ್ಳಲ್ಲವಲ್ಲ" ಎಂದರು ಅವರ ಹೆಂಡತಿ.

ಆ ಪುಟಗಳನ್ನು ಮತ್ತೆ ಮಾಡಿಕೊಟ್ಟೆವು. ಆಗ ಮೂಲ ಫೋಟೊಗಳು ಉಳಿದಿದ್ದವು. ಅದು ನನ್ನ ಜಾಗ್ರತೆಯಲ್ಲ, ಆ ಫೋಟೊಗ್ರಾಫರನ ಜಾಗ್ರತೆ. ನಮ್ಮ ಲ್ಯಾಬಿನ ಅಭ್ಯಾಸ ಬೇರೆಯೇ ಇತ್ತು. ತಿದ್ದಿದ್ದನ್ನು ಅದೇ ಹೆಸರಿನಲ್ಲಿ, ಮೂಲದ ಮೇಲೆಯೇ ಉಳಿಸುತ್ತಿದ್ದೆವು. ಬೇರೆ ಹೆಸರು ಕೊಟ್ಟರೆ ಡಿಸ್ಕ್ ತುಂಬುತ್ತದೆ, ಪುಟ ಜೋಡಿಸುವಾಗ ಎರಡೆರಡು ಫೋಟೊ ಕಂಡು ಗೊಂದಲವಾಗುತ್ತದೆ ಎಂದು ಕಾರಣ ಹೇಳುತ್ತಿದ್ದೆವು. ಹೊಸಬರಿಗೆ ಈ ಅಭ್ಯಾಸ ಕಲಿಸಿದವಳೂ ನಾನೇ.

ಕಣ್ಣನ್ನು ನಂಬುವುದು ಇನ್ನೊಂದು ತಪ್ಪು. ನಮ್ಮ ಪುಟಗಳು ಅಚ್ಚಾಗುತ್ತಿದ್ದದ್ದು ಮಾಚೇನಹಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಒಮ್ಮೆ ಭದ್ರಾವತಿಯ ಎರಡು ಮದುವೆಯ ಆಲ್ಬಮ್ ಒಟ್ಟಿಗೆ ಕತ್ತಲೆಯಾಗಿ ಬಂದವು. ಮಷಿನ್ ಕೆಟ್ಟಿದೆ ಎಂದು ಕೂಗಾಡಲು ಹೋದೆ. ಮಷಿನ್ ನಡೆಸುವ ಮುರುಗೇಶ ನನ್ನನ್ನು ಕೂರಿಸಿ ಟೀ ತರಿಸಿದ. "ಅಕ್ಕಾ, ನಿಮ್ ಸ್ಕ್ರೀನ್ ಬೆಳಕು ಎಷ್ಟಕ್ಕೆ ಇಟ್ಟಿದೀರ?" ಎಂದು ಕೇಳಿದ. ಪೂರ್ತಿ ಇಟ್ಟಿದ್ದೇನೆ ಎಂದೆ. "ಅದು ನಿಮಗೆ ಬೆಣ್ಣೆ ಹಚ್ತಾ ಇದೆ ಅಕ್ಕಾ. ಪೇಪರ್‌ಗೆ ದೀಪ ಇಲ್ಲ, ಅದು ಇದ್ದಿದ್ದು ಇದ್ದಂಗೆ ಹೇಳುತ್ತೆ." ಆಮೇಲೆ ಸ್ಕ್ರೀನಿನ ಬೆಳಕು ಇಳಿಸಿದೆ. ಆದರೆ ಕಣ್ಣಿನ ಬೆಳಕು? ಕೆಲಸದ ಕೊನೆಯ ದಿನಗಳಲ್ಲಿ ನನ್ನ ಬಲಗಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ಲ್ಯಾಬಿಗೆ ಬಂದು ನೋಡಿದರೆ ಅದುವರೆಗೆ ನಾನು ಮಾಡಿದ್ದ ಎಷ್ಟೋ ಪುಟಗಳು ನೀಲಿ. ಪೊರೆಯೊಳಗಿಂದ ಜಗತ್ತು ಹಳದಿಯಾಗಿ ಕಾಣುತ್ತಿತ್ತು. ಆ ಹಳದಿಯನ್ನು ಫೋಟೊದ್ದೆಂದು ತಿಳಿದು ತೆಗೆಯುತ್ತ ಬಂದಿದ್ದೆ. ಅದಾಗಿ ಕೆಲವೇ ತಿಂಗಳಿಗೆ ಕೆಲಸ ಬಿಟ್ಟೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಪೊರೆ ಬರುವುದಕ್ಕೂ ಮುಂಚಿನ ಮಾತಿದು. ಕಣ್ಣಿನ ಮೇಲೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ.

ಒಂದು ಮಧ್ಯಾಹ್ನ ಲ್ಯಾಬಿಗೆ ಒಬ್ಬ ಹುಡುಗಿ ಬಂದಳು. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಟೀಚರು, ಹೆಸರು ವಿನುತಾ. ಅವಳ ನಿಶ್ಚಿತಾರ್ಥದ ಆಲ್ಬಮ್ ಎರಡು ತಿಂಗಳ ಹಿಂದೆ ನಾನೇ ಮಾಡಿದ್ದೆ. ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟು, ಮುಖವನ್ನು ಬಲಕ್ಕೆ ತಿರುಗಿಸಿ ನಿಂತಳು. ಎಡ ಕಿವಿಯ ಕೆಳಗಿಂದ ಕುತ್ತಿಗೆಯವರೆಗೆ ಎರಡು ಬೆರಳಗಲದ ಬಿಳಿ ಮಚ್ಚೆ ಇಳಿದಿತ್ತು. ಆಲ್ಬಮ್ಮಿನ ಪುಟದಲ್ಲಿ ಆ ಜಾಗ ಬೆಣ್ಣೆಯಂತೆ ನಯವಾಗಿತ್ತು.

"ಇದು ನಾನು ಮೇಡಂ. ಅದೂ ನಾನೇ ಅಂತೆ."

ಕೂತ್ಕೊಳ್ಳಮ್ಮ ಎಂದೆ. ಕೂರಲಿಲ್ಲ.

"ಹುಡುಗನಿಗೆ ಮೊದಲ ದಿನವೇ ಹೇಳಿದ್ದೆ. ನಿಶ್ಚಿತಾರ್ಥದಲ್ಲಿ ಎಲ್ರೂ ನೋಡ್ಲಿ ಅಂತ ಜಡೆ ಬಲಕ್ಕೆ ಹಾಕ್ಕೊಂಡು ಕೂತಿದ್ದೆ. ಬರದೇ ಇದ್ದವರು ಹುಡುಗನ ದೊಡ್ಡಪ್ಪ ಒಬ್ಬರೇ. ಅವರು ಆಲ್ಬಮ್ ನೋಡಿ, ಆಮೇಲೆ ಮನೆಗೆ ಬಂದು ನನ್ನ ನೋಡಿ, 'ಹುಡುಗಿ ಅಪ್ಪನೇ ಒರೆಸಿ ಕಳಿಸಿದ್ದಾನೆ, ಮೋಸಗಾರ' ಅಂದ್ರು. ಹುಡುಗ ಅವರ ಬಾಯಿ ಮುಚ್ಚಿಸಿದ. ಮದುವೆ ಏನೂ ನಿಲ್ಲಲ್ಲ. ಆದ್ರೆ ಒಂದು ವಿಷಯ ನನಗೆ ಗೊತ್ತಾಗ್ಬೇಕು. ಅಪ್ಪ ನಿಮಗೆ ಹೇಳಿದ್ರಾ?"

"ಅವರನ್ನೇ ಕೇಳಬಹುದಿತ್ತಲ್ಲ."

"ಕೇಳ್ದೆ. 'ಇಲ್ಲಮ್ಮ' ಅಂತಾರೆ, ಮುಖ ಕೊಟ್ಟು ಮಾತಾಡಲ್ಲ. ನಾನು ಚಿಕ್ಕವಳಿದ್ದಾಗ ಬೀದಿಯವರೆಲ್ಲ ಒಂದೊಂದು ಎಣ್ಣೆ, ಒಂದೊಂದು ಲೇಪ ಹೇಳೋರು. 'ಇದು ರೋಗ ಅಲ್ಲ, ನಿನ್ನ ಚರ್ಮ' ಅಂತ ಒಂದನ್ನೂ ಹಚ್ಚೋಕೆ ಬಿಡದೇ ಇದ್ದವರು ಅಪ್ಪ. ಅವರೇ ಕದ್ದು ಇಲ್ಲಿಗೆ ಬಂದು ಒರೆಸಿದ್ದಾದ್ರೆ ಧಾರೆಗೆ ಅವರು ನಿಲ್ಲೋದು ಬೇಡ. ಸೋದರಮಾವ ಎರೀಲಿ. ಬಾಯ್ಮಾತಿಗೆ ಹೇಳ್ತಿಲ್ಲ ಮೇಡಂ, ಅಮ್ಮನಿಗೂ ಹೇಳಿ ಬಂದಿದ್ದೀನಿ."

ಮಗಳ ಕೈಯನ್ನು ಗಂಡಿನ ಕೈಯಲ್ಲಿಟ್ಟು ನೀರು ಎರೆಯುವ ಹೊತ್ತಿಗೆ ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು. ಅದೂ ಭದ್ರಾವತಿಯಲ್ಲಿ, ಅವರು ಫೋರ್‌ಮನ್ ಆಗಿದ್ದ ಕಾರ್ಖಾನೆಯ ಜನವೆಲ್ಲ ಕೂತಿರುವ ಚೌಟ್ರಿಯಲ್ಲಿ. ಅದು ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಮೊದಲು ಮೂಲ ಫೋಟೊ ಹುಡುಕಿದೆ. ಇರಲಿಲ್ಲ. ಅದೇ ಹೆಸರಿನ ಮೇಲೆ ನಾನೇ ಉಳಿಸಿದ್ದೆ. ಫೋಟೊ ತೆಗೆದ ಹನೀಫನಿಗೆ ಫೋನ್ ಮಾಡಿದರೆ, "ಕ್ಯಾಮೆರಾದ ಕಾರ್ಡ್ ಅಳಿಸಿ ಮಾರನೇ ದಿನವೇ ಇನ್ನೊಂದು ಫಂಕ್ಷನ್‌ಗೆ ಹೋಯ್ತಲ್ಲ ಅಕ್ಕ" ಎಂದ. ಗೆಳತಿಯರ ಫೋನಿನಲ್ಲಿ ಇರಬೇಕಲ್ಲ ಎಂದೆ. ವಿನುತಾ ತನ್ನ ಫೋನ್ ತೆಗೆದು ಒಂದಾದ ಮೇಲೊಂದು ತೋರಿಸಿದಳು. ಅವುಗಳಲ್ಲೂ ಮಚ್ಚೆ ಇರಲಿಲ್ಲ. ಈಗಿನ ಫೋನುಗಳಿಗೆ ಯಾರೂ ಹೇಳಬೇಕಾಗಿಲ್ಲ, ಮುಖ ಕಂಡ ಕೂಡಲೇ ತಾವಾಗಿಯೇ ಉಜ್ಜಿಬಿಡುತ್ತವೆ. ಒಂದೆರಡರಲ್ಲಿ ಬಿಳಿಚಿದ ಒಂದು ಗೆರೆ ಉಳಿದಿತ್ತು. ಬೆಳಕು ಬಿದ್ದಿದೆ ಎಂದುಕೊಳ್ಳಬೇಕು, ಹಾಗೆ. ನೂರು ಜನ ಕಣ್ಣಾರೆ ನೋಡಿದ್ದಕ್ಕೆ ಒಂದು ಫೋಟೊ ಸಾಕ್ಷಿಯಿಲ್ಲ.

ಎಫ್ ಟೂ ಒತ್ತಿದರೆ ಮಚ್ಚೆ ಹೋಗಿರಬಹುದೇ ಎಂದು ಯೋಚಿಸಿದೆ. ಹೋಗುವುದಿಲ್ಲ. ಅದು ಮೊಡವೆಯಷ್ಟನ್ನು ನುಂಗುತ್ತದೆ, ಎರಡು ಬೆರಳಗಲದ್ದನ್ನಲ್ಲ. ಪಕ್ಕದ ಚರ್ಮವನ್ನು ಎತ್ತಿ, ತಂದು, ಬ್ರಷ್ಷಿನಿಂದ ಕೈಯಾರೆ ಹಚ್ಚಬೇಕು. ಆ ಆಲ್ಬಮ್ಮಿನಲ್ಲಿ ಅವಳ ಎಡಗಡೆ ಕಾಣುವ ಫೋಟೊಗಳೇ ಮೂವತ್ತರ ಮೇಲಿದ್ದವು. ಮೂವತ್ತು ಸಲ ನಾನು ಅಲ್ಲಿ ನೋಡಿದ್ದೇನೆ, ಮೂವತ್ತು ಸಲ ಹಚ್ಚಿದ್ದೇನೆ. ಆರ್ಡರ್ ಚೀಟಿ ತೆಗೆದೆ. ನನ್ನದೇ ಅಕ್ಷರದಲ್ಲಿ 'ಫೇಸ್, ನೆಕ್ ಕ್ಲೀನ್' ಎಂದಿತ್ತು. ಅದನ್ನು ಮದುಮಗಳ ಪ್ರತಿ ಚೀಟಿಯ ಮೇಲೂ ಗಿರಾಕಿ ಬಾಯಿ ತೆರೆಯುವ ಮೊದಲೇ ನಾನು ಬರೆದುಬಿಡುತ್ತಿದ್ದೆ. ಹಾಗಾಗಿ ಅದೂ ಏನನ್ನೂ ಹೇಳುವುದಿಲ್ಲ.

ಅವಳ ಅಪ್ಪ ರಂಗಪ್ಪನವರು ಆರ್ಡರ್ ಕೊಡಲು ಬಂದ ದಿನ ನನಗೆ ನೆನಪಿದೆ. ತೊಂದರೆಯೆಂದರೆ ಮೂರು ಥರ ನೆನಪಿದೆ. ಒಂದರಲ್ಲಿ ಅವರು ಕೌಂಟರಿನ ಮೇಲೆ ಬಗ್ಗಿ, ತಮ್ಮ ಕುತ್ತಿಗೆ ಮುಟ್ಟಿಕೊಂಡು, "ಇಲ್ಲಿ ಸ್ವಲ್ಪ ನೋಡಿ" ಎನ್ನುತ್ತಾರೆ. ಇನ್ನೊಂದರಲ್ಲಿ ಅವರು ಕುತ್ತಿಗೆ ಮುಟ್ಟಿಕೊಳ್ಳುತ್ತಾರೆ, ಆದರೆ ಬೆವರು ಒರೆಸಲು. ಮಾತೆಲ್ಲ ಹೂವಿನ ಹಾರದ ಬಣ್ಣದ ಬಗ್ಗೆ. ಮೂರನೆಯದರಲ್ಲಿ ಅವರು ಇಲ್ಲವೇ ಇಲ್ಲ. ನಾನೊಬ್ಬಳೇ ಸ್ಕ್ರೀನಿನ ಮುಂದೆ ಕೂತು, ಎಫ್ ಟೂ ಒತ್ತಿ, ಹೋಗದೆ ಉಳಿದ ಬಿಳುಪನ್ನು ಕಂಡು ಬ್ರಷ್ ತೆಗೆದುಕೊಳ್ಳುತ್ತಿದ್ದೇನೆ. ಮೂರೂ ಒಂದೇ ಸಮ ಸ್ಪಷ್ಟವಾಗಿವೆ. ಅಷ್ಟೊಂದು ಸ್ಪಷ್ಟವಾಗಿರುವುದರಿಂದಲೇ ನನಗೆ ಒಂದರ ಮೇಲೂ ನಂಬಿಕೆಯಿಲ್ಲ.

ವಿನುತಾ ಕಾಯುತ್ತಿದ್ದಳು.

"ಯಾರೂ ಹೇಳಲಿಲ್ಲಮ್ಮ. ನಾನೇ ಮಾಡಿದ್ದು" ಎಂದೆ.

ನಿಜವೆಂದು ಹೇಳಿದೆನೋ, ಧಾರೆಯ ಹೊತ್ತಿಗೆ ಒಬ್ಬ ಅಪ್ಪ ಕೈಕಟ್ಟಿ ನಿಲ್ಲುವುದನ್ನು ತಪ್ಪಿಸಲು ಹೇಳಿದೆನೋ, ಅವತ್ತೂ ಗೊತ್ತಿರಲಿಲ್ಲ. ಅವಳು ಆಗ ಕೂತಳು. ಕೂತು, ನೀರು ಕೇಳಿ ಕುಡಿದಳು.

"ಒಂದು ಮಾತು ಕೇಳಬೇಕಾಗಿತ್ತು ನೀವು."

"ಹೌದು."

"ವಾಪಸ್ ಹಾಕಿ."

ಮೂಲವೇ ಇಲ್ಲದ ಮೇಲೆ ಎಲ್ಲಿಂದ ಹಾಕಲಿ? ಅವಳನ್ನು ಲ್ಯಾಬಿನ ಹಿಂಬಾಗಿಲಿನ ಬೆಳಕಿನಲ್ಲಿ ನಿಲ್ಲಿಸಿ, ಮಂಜಣ್ಣನ ಹಳೆಯ ಕ್ಯಾಮೆರಾದಲ್ಲಿ ಎಡ ಕುತ್ತಿಗೆಯ ಫೋಟೊ ತೆಗೆದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಫೋಟೊದಲ್ಲಿ ಬಿಳುಪನ್ನು ಬರೆಯುತ್ತ ಹೋದೆ. ಜೀವನದಲ್ಲಿ ಮೊದಲ ಸಲ, ಇಲ್ಲದ ಕಡೆ ಒಂದು ಕಲೆ ಇಡುತ್ತಿದ್ದೆ. ಕೈ ಬರಲಿಲ್ಲ. ಅಂಚು ತುಂಬ ನುಣ್ಣಗೆ ಬರುತ್ತಿತ್ತು.

"ಅಷ್ಟು ನೀಟಾಗಿಲ್ಲ ಮೇಡಂ, ಅಲ್ಲಿ ಹರ್ಕು ಹರ್ಕು ಇದೆ" ಎನ್ನುತ್ತಿದ್ದಳು. "ಕಿವಿ ಹತ್ರ ಒಂದು ಚೂರು ಬೇರೆ ಇದೆ ನೋಡಿ, ಬಿಟ್ಟಿದ್ದೀರಿ." ಮಂಜಣ್ಣ ಹಿಂದೆ ಬಂದು ನಿಂತು ನೋಡಿ, ನನ್ನ ಕಿವಿಯಲ್ಲಿ, "ತಲೆ ಕೆಟ್ಟಿದ್ಯಾ ಗಿರಿಜಕ್ಕ? ಇಂಥ ಕೆಲಸ ಯಾವ ಲ್ಯಾಬಲ್ಲಿ ಮಾಡ್ತಾರೆ?" ಎಂದು ಗೊಣಗಿದ. ಅವಳಿಗೆ ಕೇಳಿಸಿತು. "ನಿಮ್ಮ ಲ್ಯಾಬಲ್ಲೇ ಸರ್" ಎಂದಳು. ಕೊನೆಗೆ, ಆಯಿತು ಎಂದುಕೊಂಡಾಗ, ಸ್ಕ್ರೀನಿನ ಹತ್ತಿರ ಬಗ್ಗಿದಳು. "ಇನ್ನೊಂಚೂರು ಬ್ರೈಟ್ ಮಾಡಿ. ದೊಡ್ಡಪ್ಪನಿಗೆ ಕನ್ನಡಕ ಇಲ್ಲದೆ ಕಾಣಬೇಕು."

ಅವಳು ಹೋಗುವಾಗ ಅಪ್ಪನ ವಿಷಯ ಮತ್ತೆ ಎತ್ತಲಿಲ್ಲ. ಮುಗಿಯಿತು ಎಂದುಕೊಂಡೆ.

ವಾರದ ಮೇಲೆ ಹೊಸ ಪುಟಗಳನ್ನು ಒಯ್ಯಲು ರಂಗಪ್ಪನವರೇ ಬಂದರು. ಲಗ್ನಪತ್ರಿಕೆ ತಂದಿದ್ದರು. ಪುಟಗಳನ್ನು ನಿಧಾನವಾಗಿ ಮಗುಚಿ ನೋಡಿದರು. ಒಂದು ಪುಟದಲ್ಲಿ ಮಗಳ ಕುತ್ತಿಗೆಯ ಮೇಲೆ ಹೆಬ್ಬೆರಳು ಇಟ್ಟು ತೆಗೆದರು. ಮಂಜಣ್ಣ ಹೊರಗೆ ಹೋಗುವವರೆಗೆ ಕಾದರು.

"ಮೇಡಂ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ನಾನು ನಿಮಗೆ ಹೇಳಿದ್ನಾ?"

"ನಿಮಗೇ ಗೊತ್ತಿರಬೇಕಲ್ಲ ಸರ್."

"ಗೊತ್ತಿದ್ರೆ ಇಲ್ಲಿಗೆ ಬಂದು ಕೇಳ್ತಿದ್ನಾ? ಆವತ್ತು ಭದ್ರಾವತಿಯಿಂದ ಬಸ್ಸಲ್ಲಿ ಬರ್ತಾ ಪೂರ್ತಿ ಅದೇ ತಲೇಲಿತ್ತು. ಹೇಳ್ಲಾ, ಬೇಡ್ವಾ, ಹೇಳ್ಲಾ, ಬೇಡ್ವಾ. ಇಲ್ಲಿ ಬಂದು ನಿಂತ ಮೇಲೆ ಬಾಯಿಗೆ ಬಂತೋ ಇಲ್ವೋ ಗೊತ್ತಾಗ್ತಿಲ್ಲ. ಮಗಳು ಬಂದು, 'ನೀವು ಹೇಳಿಲ್ವಂತೆ ಅಪ್ಪ, ನನ್ನ ತಪ್ಪಾಯ್ತು' ಅಂತ ಕಾಲು ಮುಟ್ಟಿದ್ಲು. ಅವತ್ತಿಂದ ಊಟ ಸೇರ್ತಿಲ್ಲ."

"ನೀವು ಹೇಳಿಲ್ಲ ಸರ್."

"ಖಂಡಿತನಾ?"

"ಖಂಡಿತ."

ಅವರ ಮುಖ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಕಾರ್ಖಾನೆಯಲ್ಲಿ ಕೆಟ್ಟ ಭಾಗವನ್ನು ಹುಡುಕುವಾಗ ನೋಡುತ್ತಿದ್ದರೇನೋ ಎನ್ನುವಂತೆ ನನ್ನನ್ನು ನೋಡಿದರು.

"ಹಂಗಾದ್ರೆ ನಿಮಗೇನಾಗಿತ್ತಮ್ಮ? ನಾನು ಅಪ್ಪ, ಹೆದರಿದ್ದೆ. ನಿಮಗೆ ನನ್ನ ಮಗಳು ಯಾರು? ಅವಳ ಕುತ್ತಿಗೇಲಿ ನಿಮಗೇನು ತೊಂದ್ರೆ ಕಾಣ್ತು?"

ಅಭ್ಯಾಸ ಎನ್ನಲು ಹೊರಟೆ. ಎಲ್ಲರಿಗೂ ಹಾಗೇ ಮಾಡುತ್ತೇವೆ ಎನ್ನಲು ಹೊರಟೆ. ಅವರು ಪುಟಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಲಗ್ನಪತ್ರಿಕೆಯನ್ನು ಕೀಬೋರ್ಡಿನ ಮೇಲಿಟ್ಟು, "ಬರ್ಬೇಕು" ಎಂದರು. ಕರೆಯುವ ದನಿಯೇ ಆಗಿತ್ತೆಂದು ನೆನಪು. ಅಪ್ಪಣೆಯೂ ಆಗಿರಬಹುದು.

ಹೋದೆ. ಚೌಟ್ರಿ ತುಂಬಿತ್ತು. ರಂಗಪ್ಪನವರು ಹೆಂಡತಿಯ ಪಕ್ಕದಲ್ಲಿ, ಕೈಯಲ್ಲಿ ಧಾರೆಯ ಚೆಂಬು ಹಿಡಿದು ನಿಂತಿದ್ದರು. ಕ್ಯಾಮೆರಾ ಹಿಡಿದಿದ್ದವನು ಹನೀಫನೇ. ಮುಹೂರ್ತಕ್ಕೆ ಇನ್ನೇನು ಕ್ಷಣವಿದೆ ಎನ್ನುವಾಗ ಅವನು ಜನರ ನಡುವೆ ನುಸುಳಿ ನನ್ನ ಹತ್ತಿರ ಬಂದ.

"ಅಕ್ಕ, ಯಾವ ಕಡೆಯಿಂದ ತೆಗೀಲಿ? ಬಲಗಡೆ ನಿಂತ್ರೆ ಆಮೇಲೆ ನಿಮಗೂ ಕೆಲಸ ಇರಲ್ಲ, ನನಗೂ ತಲೆನೋವು ಇರಲ್ಲ."

"ನನ್ನನ್ನ ಯಾಕೆ ಕೇಳ್ತೀಯ? ಅವಳನ್ನ ಕೇಳು."

"ಈಗ್ಲಾ? ಮಂಟಪದಲ್ಲಾ?"

"ಈಗ್ಲೇ."

ಅವನು ಹೋಗಿ ಮಂಟಪದ ಅಂಚಿನಲ್ಲಿ ಬಗ್ಗಿದ. ಪುರೋಹಿತರು ಮಂತ್ರ ನಿಲ್ಲಿಸದೆ ಕಣ್ಣಲ್ಲೇ ಅವನನ್ನು ಗದರಿಸಿದರು. ಅವನು ಕೇಳಿದ್ದು ನನಗೆ ಕೇಳಿಸಲಿಲ್ಲ. ಅಪ್ಪನ ಕೈಯಿಂದ ನೀರು ಬೀಳಲು ಶುರುವಾಗಿತ್ತು. ವಿನುತಾ ಕೈ ಕದಲಿಸುವ ಹಾಗಿರಲಿಲ್ಲ. ಗದ್ದ ಎತ್ತಿ ತನ್ನ ಎಡಗಡೆಗೆ ತೋರಿಸಿದಳು.